ಹತ್ತು ದಿನ ಬಿಟ್ಟು ಬನ್ನಿ

ಹೋದ ವರ್ಷ ನಮ್ಮ ಓಣಿಯ ಹುಡುಗಿಯೊಬ್ಬಳು ಸ್ಕ್ಯಾನಿಂಗ್ ಮಾಡಿಸಿಕೊಂಡವಳು ತನ್ನ ಮನೆಗೂ ಹೋಗದೆ ನೇರ ನನ್ನಲ್ಲಿಗೆ ಬಂದಳು. ಚಪ್ಪಲಿ ಬಿಚ್ಚದೆ ಜಗಲಿಯ ಕೆಳಗೇ ನಿಂತು, "ಹಾರ್ಟ್‌ಬೀಟ್ ಇನ್ನೂ ಕಾಣುವುದಿಲ್ಲ ಅಂತೆ ಟೀಚರ್. ಹತ್ತು ದಿನ ಬಿಟ್ಟು ಬನ್ನಿ ಅಂದ್ರು. ಈ ಹತ್ತು ದಿನ ನಾನು ಎಂತ ಮಾಡ್ಬೇಕು?" ಎಂದು ಕೇಳಿದಳು.

ಒಳಗೆ ಕರೆದು ಚಾ ಮಾಡಿ ಕೊಟ್ಟೆ. ನನಗೂ ಒಮ್ಮೆ ಇದೇ ಮಾತು ಹೇಳಿದ್ದರು ಎಂದೆ. ಅವಳು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದಳು. ಮುಂದೆ ಅವಳಿಗೆ ಏನಾಯಿತು ಎಂಬುದು ಅವಳ ಕಥೆ, ಹೇಳುವುದಿದ್ದರೆ ಅವಳೇ ಹೇಳಬೇಕು. ಆದರೆ ಅವತ್ತು ಅವಳು ಹೋದ ಮೇಲೆ, ನನ್ನ ಆ ಹತ್ತು ದಿನಗಳನ್ನು ನಾನು ಒಬ್ಬರಿಗೆ ಬಿಟ್ಟು ಬೇರೆ ಯಾರಿಗೂ ಪೂರ್ತಿಯಾಗಿ ಹೇಳಿಯೇ ಇಲ್ಲ ಎಂಬುದು ನೆನಪಾಯಿತು. ವೈದ್ಯರ ವಿಷಯ ನನಗೆ ತಿಳಿಯದು. ನನಗೆ ಆದದ್ದನ್ನು ಮಾತ್ರ ಬರೆಯುತ್ತೇನೆ.

ಅದು ಎಂಬತ್ತರ ದಶಕದ ನಡುವಿನ ಮಾತು. ನಾನು ವೇಣೂರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದೆ. ಹೆಸರು ಲೀಲಾವತಿ, ಊರಿಗೆಲ್ಲ ಲೀಲಾ ಟೀಚರ್. ವಯಸ್ಸು ಮೂವತ್ತೆರಡು. ನನ್ನ ಗಂಡ ವಿಶ್ವನಾಥ ಬೊಂಬಾಯಿಯಲ್ಲಿ ಒಂದು ಹೋಟೆಲಿನ ಮ್ಯಾನೇಜರ್. ವರ್ಷಕ್ಕೊಮ್ಮೆ ಒಂದು ತಿಂಗಳ ರಜೆಯಲ್ಲಿ ಊರಿಗೆ ಬರುತ್ತಿದ್ದರು. ಅತ್ತೆ ಮೆಲ್ಕಾರಿನಲ್ಲಿ ದೊಡ್ಡ ಮಗನ ಜೊತೆ ಇದ್ದರು. ನನ್ನ ಅಮ್ಮ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ವೇಣೂರಿನಲ್ಲಿ ನಾನು ಸುನಂದಮ್ಮ ಎಂಬ ಜೈನ ವಿಧವೆಯ ಮನೆಯ ಬದಿಯ ಎರಡು ಕೋಣೆಗಳಲ್ಲಿ ಬಾಡಿಗೆಗೆ ಇದ್ದೆ.

ಮದುವೆಯಾಗಿ ಆರು ವರ್ಷಗಳಲ್ಲಿ ಎರಡು ಸಲ ಗರ್ಭ ನಿಂತು ಎರಡು ಸಲವೂ ಹೋಗಿತ್ತು. ಮೊದಲನೆಯದು ಮೆಲ್ಕಾರಿನಲ್ಲಿ, ಬೇಸಗೆ ರಜೆಗೆ ಹೋಗಿದ್ದಾಗ. ಮನೆ ತುಂಬ ಜನ ಇದ್ದರು. ಅತ್ತೆ ಬಿಸಿನೀರು ಕಾಯಿಸಿ ಕೊಟ್ಟರು, ಕಷಾಯ ಮಾಡಿದರು, ಮೂರನೇ ದಿನ "ಆದದ್ದು ಆಯ್ತು, ಪ್ರಾಯ ಉಂಟಲ್ಲ" ಎಂದರು. ಆ ಮೇಲೆ ಆ ಮನೆಯಲ್ಲಿ ಆ ವಿಷಯ ಯಾರೂ ಎತ್ತಲಿಲ್ಲ. ಎರಡನೆಯದು ವೇಣೂರಿನಲ್ಲಿ. ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಉಕ್ತಲೇಖನ ಹೇಳುತ್ತಿದ್ದಾಗ ಹೊಟ್ಟೆಯ ಕೆಳಗೆ ನೋವು ಶುರುವಾಯಿತು. ಆ ಪಾಠ ಮುಗಿಸಿಯೇ ಹೊರಗೆ ಹೋದೆ. ಯಾಕೆ ಮುಗಿಸಿದೆನೋ ಗೊತ್ತಿಲ್ಲ. ಇನ್ನು ನಾಲ್ಕು ಸಾಲು ಉಳಿದಿತ್ತು, ಮಕ್ಕಳು ಸ್ಲೇಟು ಹಿಡಿದು ಕಾಯುತ್ತಿದ್ದರು.

ಆದ್ದರಿಂದ ಮೂರನೆಯ ಸಲ ಮುಟ್ಟು ನಿಂತಾಗ ಯಾರಿಗೂ ಹೇಳಲಿಲ್ಲ. ಗಂಡ ರಜೆ ಮುಗಿಸಿ ಹೋಗಿ ಒಂದು ತಿಂಗಳು ಕಳೆದಿತ್ತಷ್ಟೆ. ವಾರಕ್ಕೊಂದು ಇನ್‌ಲ್ಯಾಂಡ್ ಲೆಟರ್ ಬರೆಯುತ್ತಿದ್ದೆ. ಶಾಲೆಗೆ ಇನ್‌ಸ್ಪೆಕ್ಟರ್ ಬರುವವರಿದ್ದಾರೆ, ಸುನಂದಮ್ಮನ ದನ ಕರು ಹಾಕಿತು, ಇಲ್ಲಿ ಎಲ್ಲ ಕ್ಷೇಮ. ಕಾಗದದ ಮೂರೂ ಬದಿ ತುಂಬಿಸುತ್ತಿದ್ದೆ, ಇದ್ದ ಒಂದೇ ವಿಷಯ ಬಿಟ್ಟು. ದೂರದಲ್ಲಿ ಇರುವವರಿಗೆ ಆಸೆ ಹುಟ್ಟಿಸಿ ಮತ್ತೆ ಇನ್ನೊಂದು ಕಾಗದದಲ್ಲಿ ಅದನ್ನು ಒರಸುವ ಕೆಲಸ ನನ್ನಿಂದ ಆಗದು ಎಂದು ತೀರ್ಮಾನ ಮಾಡಿದ್ದೆ. ಇದು ಅವರ ಮೇಲಿನ ಕರುಣೆ ಎಂದೇ ತಿಳಿದಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಸೀರೆಯ ಒಳಗೆ ಸಣ್ಣ ಕಲೆ ಕಂಡಿತು. ಒಂದು ರೂಪಾಯಿ ನಾಣ್ಯದಷ್ಟು. ಅವತ್ತು ಶನಿವಾರ, ಅರ್ಧ ದಿನದ ಶಾಲೆ. ಶಾಲೆ ಬಿಟ್ಟವಳೇ ಬಸ್ಸು ಹತ್ತಿ ಮೂಡುಬಿದಿರೆಗೆ ಹೋದೆ. ಅಲ್ಲಿ ಒಬ್ಬರು ಲೇಡಿ ಡಾಕ್ಟರ್ ಇದ್ದರು, ಎರಡನೆಯ ಸಲ ನನ್ನನ್ನು ನೋಡಿದವರು. ನನ್ನನ್ನು ಕಂಡಕೂಡಲೆ ಏನೂ ಕೇಳದೆ, "ಎಷ್ಟು ದಿವಸ ಆಯ್ತು?" ಎಂದರು.

ಸೂಜಿ ಕೊಟ್ಟರು. ಭಾರ ಎತ್ತಬೇಡಿ, ನೀರು ಸೇದಬೇಡಿ, ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂರಬೇಡಿ ಎಂದರು. ಆಮೇಲೆ ಚೀಟಿಯಲ್ಲಿ ಏನೋ ಬರೆಯುತ್ತ, "ಮಂಗಳೂರಲ್ಲಿ ಈಗ ಸ್ಕ್ಯಾನಿಂಗ್ ಮೆಷಿನ್ ಬಂದಿದೆ. ಹೊಟ್ಟೆಯ ಒಳಗೆ ಉಂಟಾ ಇಲ್ಲವಾ, ಹೃದಯ ಬಡಿಯುತ್ತದಾ ಇಲ್ಲವಾ, ಎಲ್ಲ ಟೀವಿಯಲ್ಲಿ ಕಾಣ್ತದೆ. ನೀವು ಒಮ್ಮೆ ಹೋಗಿ ಬನ್ನಿ" ಎಂದರು.

"ಹೃದಯ ಈಗಲೇ ಇರ್ತದಾ ಡಾಕ್ಟರೇ?"

"ನನ್ನ ಲೆಕ್ಕದಲ್ಲಿ ನಿಮಗೆ ಎಂಟನೇ ವಾರ ಆಗ್ಬೇಕು. ಇರ್ಬೇಕು."

ಇರಬೇಕು ಎಂಬ ಆ ಒಂದು ಶಬ್ದವನ್ನು ಮೂಡುಬಿದಿರೆಯಿಂದ ವೇಣೂರಿನ ತನಕ ಬಸ್ಸಿನ ಸದ್ದಿನೊಳಗೆ ಎಷ್ಟು ಸಲ ಕೇಳಿಸಿಕೊಂಡೆನೋ. ಇರಲೇಬೇಕು ಎಂದು ಹೇಳಿದಂತೆಯೂ ಇತ್ತು, ಇದ್ದರೆ ಒಳ್ಳೆಯದು ಎಂದಂತೆಯೂ ಇತ್ತು.

ಭಾನುವಾರ ಹೆಡ್‌ಮಾಸ್ಟರರ ಮನೆಗೆ ಹೋಗಿ ಸೋಮವಾರಕ್ಕೆ ರಜೆ ಕೇಳಿದೆ. ನನಗೆ ಹಲ್ಲು ನೋವು, ಮಂಗಳೂರಿನ ಡಾಕ್ಟರರಿಗೆ ತೋರಿಸಬೇಕು ಎಂದು ಸುಳ್ಳು ಹೇಳಿದೆ. ಅವರು ತುಂಬ ಪಾಪದವರು, ಹೇಳಿದ್ದನ್ನೆಲ್ಲ ನಂಬುವವರು. "ಯಾವ ಬದಿಯದ್ದು ಟೀಚರ್ರೇ?" ಎಂದು ಕೇಳಿದರು. ನಾನು ಯೋಚನೆ ಮಾಡದೆ ಬಲಗೆನ್ನೆ ಮುಟ್ಟಿಕೊಂಡೆ.

ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಡ್ರೈವರನ ಹಿಂದಿನ ಸೀಟು ಸಿಕ್ಕಿತು. ಮಂಗಳೂರಿಗೆ ತಲುಪಿ ಆ ಸ್ಕ್ಯಾನಿಂಗ್ ಜಾಗ ಹುಡುಕಿಕೊಂಡು ಹೋದಾಗ ಒಂಬತ್ತು ಗಂಟೆ. ಒಂದು ಉದ್ದನೆಯ ಕೋಣೆ, ಎರಡೂ ಬದಿಗೆ ಬೆಂಚು, ಮೂಲೆಯಲ್ಲಿ ಕುಡಿಯುವ ನೀರಿನ ಮಡಕೆ. ಸಿಸ್ಟರ್ ಒಬ್ಬರು ಹೆಸರು ಬರೆದುಕೊಂಡು, "ನಿಮ್ಮ ಒಟ್ಟಿಗೆ ಯಾರು ಬಂದದ್ದು?" ಎಂದರು.

"ಯಾರೂ ಇಲ್ಲ."

"ಯಾರೂ ಇಲ್ಲವಾ?" ಅವರು ಪೆನ್ನು ನಿಲ್ಲಿಸಿ ನನ್ನ ಕತ್ತಿನ ಕರಿಮಣಿಯನ್ನು ನೋಡಿದರು. ಆಮೇಲೆ, "ಆರು ಗ್ಲಾಸು ನೀರು ಕುಡಿಯಿರಿ. ಮೂತ್ರಕ್ಕೆ ಹೋಗ್ಲಿಕ್ಕಿಲ್ಲ. ಹೊಟ್ಟೆ ತುಂಬ ನೀರು ಇದ್ದರೆ ಮಾತ್ರ ಒಳಗಿನದ್ದು ಕಾಣುವುದು" ಎಂದರು.

ಆ ಕೋಣೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಇದ್ದರು. ಎಲ್ಲರೂ ನೀರು ಕುಡಿದು, ಕಾಲು ಜೋಡಿಸಿ, ಗೋಡೆ ನೋಡುತ್ತ ಕೂತಿದ್ದರು. ಪ್ರತಿಯೊಬ್ಬಳ ಪಕ್ಕದಲ್ಲೂ ತಾಯಿಯೋ ಅತ್ತೆಯೋ ಗಂಡನೋ ಒಬ್ಬರಿದ್ದರು. ನನ್ನ ಪಕ್ಕದಲ್ಲಿ ನಾನು ನನ್ನ ಚೀಲ ಇಟ್ಟುಕೊಂಡಿದ್ದೆ. ಯಾರಾದರೂ ಕೂರಲು ಬಂದರೆ ಎತ್ತುತ್ತಿದ್ದೆ, ಅವರು ಒಳಗೆ ಹೋದ ಮೇಲೆ ಮತ್ತೆ ಇಡುತ್ತಿದ್ದೆ.

ಹಾಗೆ ಬಂದು ಕೂತವಳು ಝುಬೈದಾ. ಇಪ್ಪತ್ತು ವರ್ಷ ಆಗಿರಬೇಕು. ಮೆಲ್ಕಾರಿನವಳು. ಗಂಡ ಗಲ್ಫಿನಲ್ಲಿ. ಜೊತೆಗೆ ಅವಳ ಅತ್ತೆ, ಎದುರಿನ ಬೆಂಚಿನಲ್ಲಿ ತಸ್ಬೀ ಮಣಿ ಎಣಿಸುತ್ತ ಕೂತಿದ್ದರು. ಮೆಲ್ಕಾರ್ ಎಂದ ಕೂಡಲೆ ನಾನು, ಅದು ನನ್ನ ಗಂಡನ ಊರು, ನಾನು ವೇಣೂರಿನಲ್ಲಿ ಟೀಚರ್ ಎಂದೆ. ಅಷ್ಟಕ್ಕೇ ಅವಳು ನನ್ನವಳಾಗಿಬಿಟ್ಟಳು. ನಾವು ಮಾತಾಡಿದ್ದು ತುಳುವಿನಲ್ಲಿ.

ಇನ್ನೇನು ನಮ್ಮ ಸರದಿ ಬರಬೇಕು ಎನ್ನುವಾಗ ಕರೆಂಟು ಹೋಯಿತು. ಫ್ಯಾನು ನಿಂತಿತು. ಒಳಗಿನಿಂದ ಸಿಸ್ಟರ್ ಬಂದು, "ಕರೆಂಟು ಬಂದ ಮೇಲೆಯೇ. ಯಾರೂ ಮೂತ್ರಕ್ಕೆ ಹೋಗಬೇಡಿ" ಎಂದು ಹೇಳಿ ಬಾಗಿಲು ಹಾಕಿಕೊಂಡರು.

ಅರ್ಧ ಗಂಟೆ ಕಳೆಯಿತು, ಮುಕ್ಕಾಲು ಗಂಟೆ ಕಳೆಯಿತು. ಹೊಟ್ಟೆಯ ಕೆಳಗೆ ಕಲ್ಲು ಕಟ್ಟಿದ ಹಾಗೆ. ಝುಬೈದಾಳ ಹಣೆಯ ಮೇಲೆ ಬೆವರು. ಅವಳು ನನ್ನ ಕಿವಿಯ ಹತ್ತಿರ ಬಾಗಿ, "ಟೀಚರ್ರೇ, ಶಾಲೆಯಲ್ಲಿ ಮಕ್ಕಳು ಒಂದಕ್ಕೆ ಹೋಗ್ಬೇಕು ಅಂತ ಬೆರಳು ಎತ್ತಿದರೆ ನೀವು ಬಿಡ್ತೀರಾ?" ಎಂದಳು.

"ಬೆಲ್ ಆಗ್ಲಿ ಅಂತ ಹೇಳ್ತೇನೆ."

"ಆ ಮಕ್ಕಳ ಶಾಪವೇ ಇದು!"

ನನಗೆ ನಗು ಬಂತು. ನಕ್ಕರೆ ಹೋಗಿಬಿಡುವ ಹೆದರಿಕೆ. ಸೆರಗನ್ನು ಬಾಯಿಗೆ ಒತ್ತಿ ಹಿಡಿದೆ. "ನಗಿಸಬೇಡಿ ಮಾರಾಯ್ತಿ" ಎಂದೆ. ಅವಳೂ ನಗು ತಡೆಯಲಾಗದೆ ನನ್ನ ಮಣಿಕಟ್ಟು ಹಿಡಿದುಕೊಂಡು ಕಣ್ಣು ಮುಚ್ಚಿದಳು. ಅವಳ ಅತ್ತೆ ಎದುರಿನಿಂದ ಸುಮ್ಮನಿರಿ ಎಂಬಂತೆ ನೋಡಿದರು. ಮುಟ್ಟು ನಿಂತ ಮೇಲೆ ನಾನು ನಕ್ಕದ್ದು ಅದೇ ಮೊದಲು. ಆ ಮೇಲೆ ಬಹಳ ದಿನ ನಗಲೂ ಇಲ್ಲ.

ಕರೆಂಟು ಬಂತು. ಅವಳು ನನಗಿಂತ ಮೊದಲು ಒಳಗೆ ಹೋದಳು. ಹೊರಗೆ ಬಂದಾಗ ಅವಳ ಮುಖ ಅರಳಿ ಬೇರೆಯೇ ಆಗಿತ್ತು. ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ನನ್ನ ಹೆಸರು ಕರೆದರು.

ಒಳಗೆ ಕತ್ತಲೆ. ಮಂಚದ ಮೇಲೆ ಮಲಗಿಸಿ ಹೊಟ್ಟೆಗೆ ತಣ್ಣಗಿನ ಅಂಟಿನಂಥದ್ದು ಹಚ್ಚಿದರು. ಡಾಕ್ಟರರು ನಡುವಯಸ್ಸಿನವರು, ಮಾತು ಕಡಿಮೆ. ಕೈಯಲ್ಲಿದ್ದುದನ್ನು ಹೊಟ್ಟೆಯ ಮೇಲೆ ಒತ್ತಿ ಒತ್ತಿ ಸರಿಸುತ್ತ ಸಣ್ಣ ಟೀವಿಯಂಥ ಪರದೆಯನ್ನು ನೋಡುತ್ತಿದ್ದರು. ಪರದೆ ಅವರ ಕಡೆಗೆ ತಿರುಗಿತ್ತು. ನನಗೆ ಕಾಣುತ್ತಿದ್ದುದು ಅದರ ನೀಲಿ ಬೆಳಕು ಬಿದ್ದ ಅವರ ಕನ್ನಡಕ ಮಾತ್ರ. ಆ ಕನ್ನಡಕದಲ್ಲಿ ಏನಾದರೂ ಕಾಣುತ್ತದೋ ಎಂದು ನೋಡಿದೆ.

ಅವರು ಬಹಳ ಹೊತ್ತು ನೋಡಿದರು. ನಂತರ ಹೇಳಿದರು: "ಗರ್ಭದ ಚೀಲ ಉಂಟು. ಹಾರ್ಟ್‌ಬೀಟ್ ಕಾಣುವುದಿಲ್ಲ. ನಿಮ್ಮ ದಿನದ ಲೆಕ್ಕ ತಪ್ಪಿರಲಿಕ್ಕೂ ಸಾಕು. ಹತ್ತು ದಿನ ಬಿಟ್ಟು ಬನ್ನಿ."

"ಕಾಣುವುದಿಲ್ಲ ಅಂದ್ರೆ ಇಲ್ಲ ಅಂತಲಾ ಡಾಕ್ಟರೇ?"

"ಕಾಣುವುದಿಲ್ಲ ಅಂದ್ರೆ ಈಗ ಕಾಣುವುದಿಲ್ಲ ಅಂತ." ಅವರು ಒರಟಾಗಿ ಹೇಳಲಿಲ್ಲ. ಗೊತ್ತಿದ್ದಷ್ಟೇ ಹೇಳಿದರು. ಅದು ನನಗೆ ಈಗ ಅರ್ಥವಾಗುತ್ತದೆ.

ಬಚ್ಚಲಿಗೆ ಹೋಗಿ ಬಂದು ಹೊರಗೆ ಬಂದರೆ ಝುಬೈದಾ ಇನ್ನೂ ಅಲ್ಲಿಯೇ ನಿಂತಿದ್ದಳು. ಅವಳ ಅತ್ತೆ ಬಸ್ಸು ತಪ್ಪುತ್ತದೆ ಎಂದು ಗೊಣಗುತ್ತಿದ್ದರು. ಅವಳು ನನ್ನ ಹತ್ತಿರ ಬಂದು ಮೆಲ್ಲಗೆ, "ಕಂಡಿತಾ?" ಎಂದಳು.

ನಾನು, "ಕಂಡಿತು" ಎಂದೆ.

"ಅಲ್‌ಹಮ್ದುಲಿಲ್ಲಾ!" ಅವಳು ನನ್ನ ಎರಡೂ ಕೈ ಹಿಡಿದಳು. ಚೀಲದಿಂದ ಒಂದು ಕಿತ್ತಳೆ ತೆಗೆದು ನನ್ನ ಕೈಗಿಟ್ಟು, ಅತ್ತೆಯ ಹಿಂದೆ ಓಡಿದಳು. ಅವಳ ಸಂತೋಷಕ್ಕೆ ನನ್ನಿಂದ ಮಣ್ಣು ಬೀಳಬಾರದು ಎಂದು ಹಾಗೆ ಹೇಳಿದೆನೋ, ಅಲ್ಲ, ನನ್ನ ಬಾಯಿಯಿಂದಾದರೂ ಆ ಮಾತು ಕೇಳಬೇಕು ಎಂದು ಹೇಳಿದೆನೋ ನನಗೇ ಗೊತ್ತಿಲ್ಲ. ಆ ಕಿತ್ತಳೆಯನ್ನು ಬಸ್ಸಿನಲ್ಲಿ ಸುಲಿದು ತಿಂದೆ. ಹುಳಿ ಇತ್ತು.

ಇನ್ನು ಆ ಹತ್ತು ದಿನ.

ಮೊದಲ ಎರಡು ದಿನ ಏನೂ ಆಗಲಿಲ್ಲ, ಹಾಗೆಂದರೆ ಎಲ್ಲವೂ ಎಂದಿನಂತೆ ನಡೆಯಿತು. ಹಾಜರಿ ಕರೆದೆ. ಮಗ್ಗಿ ಹೇಳಿಸಿದೆ. ಆದರೆ ಪ್ರತಿ ಗಂಟೆಗೊಮ್ಮೆ ಶಾಲೆಯ ಹಿಂದಿನ ಬಚ್ಚಲಿಗೆ ಹೋಗಿ ಕಲೆ ಉಂಟೋ ಎಂದು ನೋಡಿ ಬರುತ್ತಿದ್ದೆ. ಇಲ್ಲದಿದ್ದರೆ ಒಂದು ಗಂಟೆಯ ಜೀವದಾನ. ಹೆಡ್‌ಮಾಸ್ಟರರು ನನ್ನ ಸೊರಗಿದ ಮುಖ ನೋಡಿ ಹಲ್ಲು ಕಿತ್ತರೋ ಎಂದು ವಿಚಾರಿಸಿದರು. ಇಲ್ಲ, ಹತ್ತು ದಿನ ಬಿಟ್ಟು ಬರಲು ಹೇಳಿದ್ದಾರೆ ಎಂದೆ. ಮರುದಿನ ಅವರು ಮನೆಯಿಂದ ಸಣ್ಣ ಬಾಟಲಿಯಲ್ಲಿ ಲವಂಗದ ಎಣ್ಣೆ ತಂದರು. "ಹತ್ತಿಯಲ್ಲಿ ಅದ್ದಿ ಒತ್ತಿ ಇಡಿ ಟೀಚರ್ರೇ. ನೋವನ್ನು ಹೀಗೆ ಇಟ್ಟುಕೊಳ್ಳಬಾರದು" ಎಂದರು. ನಾನು ಬಾಟಲಿ ತೆಗೆದುಕೊಂಡು ಬೇಗ ತಿರುಗಿದೆ. ಅವರ ಮುಂದೆ ಅತ್ತರೆ ಹಲ್ಲಿಗಾಗಿ ಅತ್ತೆನೆಂದೇ ತಿಳಿಯುತ್ತಿದ್ದರು, ಆದರೂ ಅಳಲಿಲ್ಲ.

ಮೂರನೇ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಬಳಿ ಎರಡು ಕೊಡ ನೀರು ಇತ್ತು. ಸುನಂದಮ್ಮ ಅಂಗಳ ಗುಡಿಸುತ್ತಿದ್ದರು. ಅವರಿಗೆ ಅರವತ್ತು ದಾಟಿತ್ತು. ಸೂರ್ಯ ಮುಳುಗುವ ಮೊದಲು ಊಟ ಮುಗಿಸಿ ಪಾತ್ರೆ ಕವುಚಿಡುವ, ಲೆಕ್ಕಕ್ಕಿಂತ ಹೆಚ್ಚು ಒಂದು ಮಾತೂ ಆಡದ ಹೆಂಗಸು.

"ನೀರು ನೀವು ತಂದದ್ದಾ ಸುನಂದಮ್ಮ?"

"ಹೌದು. ಬಾವಿಯ ರಾಟೆ ಗಟ್ಟಿಯಾಗಿದೆ. ನಿಮಗೆ ಎಳೀಲಿಕ್ಕೆ ಆಗುವುದಿಲ್ಲ."

ಆ ರಾಟೆಗೆ ಹಿಂದಿನ ವಾರವಷ್ಟೇ ನಾನೇ ಎಣ್ಣೆ ಬಿಟ್ಟಿದ್ದೆ. ನಾನು ಏನೋ ಹೇಳಲು ಹೊರಟೆ. ಅವರು ಪೊರಕೆ ನಿಲ್ಲಿಸದೆ, "ರಾಟೆ ಸರಿ ಆದ ಮೇಲೆ ನಾನೇ ಹೇಳ್ತೇನೆ. ಅಲ್ಲಿವರೆಗೆ ಬಾವಿಯ ಹತ್ತಿರ ಬರ್ಬೇಡಿ" ಎಂದರು.

ಅವರಿಗೆ ಹೇಗೆ ಗೊತ್ತಾಯಿತು ಎಂದು ನಾನು ಕೇಳಲಿಲ್ಲ. ಬೆಳಗಿನ ವಾಂತಿಯ ಸದ್ದು ಗೋಡೆಯಾಚೆ ಕೇಳಿರಬಹುದು. ಪ್ರತಿದಿನ ಎರಡು ಕೊಡ ನೀರು ಬರುತ್ತಿತ್ತು. ಒಂದು ದಿನವೂ ಹೇಗಿದ್ದೀರಿ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಕೇಳದೆ ಇದ್ದುದಕ್ಕೆ ಕೆಲವು ದಿನ ಋಣಿಯಾಗಿದ್ದೆ, ಕೆಲವು ದಿನ ಆ ಮೌನದ ಮೇಲೆ ಸಿಟ್ಟು ಬರುತ್ತಿತ್ತು.

ಐದನೇ ದಿನ ಗಂಡನ ಕಾಗದ ಬಂತು. ಹೋಟೆಲಿನಲ್ಲಿ ಇಬ್ಬರು ಅಡಿಗೆಯವರು ಬಿಟ್ಟು ಹೋಗಿದ್ದಾರೆ, ತುಂಬ ಕೆಲಸ, ನೀನು ಸರಿಯಾಗಿ ಊಟ ಮಾಡು ಎಂದಿತ್ತು. ಉತ್ತರ ಬರೆಯಲು ಕೂತೆ. 'ನನಗೆ ಹೆದರಿಕೆ ಆಗುತ್ತದೆ' ಎಂದು ಒಂದು ಸಾಲು ಬರೆದೆ. ನೋಡಿದೆ. ಇನ್‌ಲ್ಯಾಂಡ್ ಹರಿದು ಒಲೆಗೆ ಹಾಕಿ, ಹೊಸದರಲ್ಲಿ ಕರುವಿಗೆ ಬಿಳಿ ನಾಮ ಉಂಟು ಎಂದು ಬರೆದೆ.

ಆರನೇ ದಿನ ಭಾನುವಾರ. ಶಾಲೆ ಇದ್ದರೆ ಹೇಗೋ ಸರಿಯುತ್ತಿದ್ದ ಹೊತ್ತು ಅವತ್ತು ಸರಿಯಲಿಲ್ಲ. ಚಾಪೆಯಲ್ಲಿ ಅಂಗಾತ ಮಲಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೆ. ಒಳಗೆ ಏನೋ ಬಡಿಯುತ್ತಿತ್ತು. ಎದ್ದು ಕೂತೆ. ಮತ್ತೆ ಮಲಗಿದೆ. ಮತ್ತೆ ಬಡಿಯಿತು. ಐದು ನಿಮಿಷ ನನ್ನಷ್ಟು ಭಾಗ್ಯವಂತೆ ಇರಲಿಲ್ಲ. ಆಮೇಲೆ ಇನ್ನೊಂದು ಕೈಯನ್ನು ಕುತ್ತಿಗೆಗೆ ಇಟ್ಟು ನೋಡಿದೆ. ಎರಡೂ ಕಡೆ ಒಂದೇ ಲಯ. ಅದು ನನ್ನದೇ ನಾಡಿ. ಒಬ್ಬಳೇ ಇರುವ ಮನೆಯಲ್ಲಿ ನನ್ನ ಹೃದಯವೇ ನನಗೆ ಮೋಸ ಮಾಡಿದ ಹಾಗೆ ಅನ್ನಿಸಿ, ಅವತ್ತು ಮಾತ್ರ ಜೋರಾಗಿ ಅತ್ತೆ. ಗೋಡೆಯಾಚೆ ಸುನಂದಮ್ಮನ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಏಳು, ಎಂಟು, ಒಂಬತ್ತು. ಈ ಮೂರು ದಿನಗಳ ಬಗ್ಗೆ ನನಗೆ ಏನೂ ನೆನಪಿಲ್ಲ. ಇನ್‌ಸ್ಪೆಕ್ಟರ್ ಬಂದು ಹೋದದ್ದು ಆಗಲೇ. ನನ್ನ ಕ್ಲಾಸಿನ ಪುಸ್ತಕದಲ್ಲಿ 'ತೃಪ್ತಿಕರ' ಎಂದು ಬರೆದಿದ್ದರು.

ಹತ್ತನೇ ದಿನಕ್ಕೆ ಸರಿಯಾಗಿ ಹೊರಟೆ. ಸುನಂದಮ್ಮ ಅವತ್ತು ಮಾತ್ರ ಬಾಗಿಲಿಗೆ ಬಂದರು. "ನಾನು ಬರ್ತೇನೆ ನಿಮ್ಮ ಒಟ್ಟಿಗೆ. ಹೋಗುವ" ಎಂದರು. ಶುಭ್ರ ಸೀರೆ ಉಟ್ಟು ತಯಾರಾಗಿಯೇ ಬಂದಿದ್ದರು. ನಾನು ಬೇಡ ಎಂದೆ. ಇಲ್ಲ ಎಂಬ ಮಾತು ಕೇಳಬೇಕಾದರೆ ಅದನ್ನು ಇನ್ನೊಬ್ಬರ ಎದುರು ಕೇಳುವ ಧೈರ್ಯ ನನಗಿರಲಿಲ್ಲ. ಅವರು ಒತ್ತಾಯ ಮಾಡಲಿಲ್ಲ. ಈಗ ಅನ್ನಿಸುತ್ತದೆ, ಅವರನ್ನು ಕರೆದುಕೊಂಡು ಹೋಗಬೇಕಿತ್ತು. ಆ ಬೆಂಚಿನಲ್ಲಿ ಯಾರೂ ಒಬ್ಬರೇ ಕೂರಬಾರದು.

ಅದೇ ಕೋಣೆ, ಅದೇ ಮಡಕೆ. "ಇವತ್ತೂ ಒಬ್ಬರೇ ಬಂದದ್ದಾ?" ಎಂದು ಸಿಸ್ಟರ್ ಕೇಳಿದರು. ಕರೆಂಟು ಹೋಗಲಿಲ್ಲ. ಬೇಗ ಕರೆದರು.

ಡಾಕ್ಟರರು ಹೊಟ್ಟೆಯ ಮೇಲೆ ಒತ್ತಿ ಸರಿಸಿದರು. ಒಂದು ಕಡೆ ನಿಲ್ಲಿಸಿದರು. ಮುಂದಕ್ಕೆ ಬಾಗಿದರು. "ಉಸಿರು ಹಿಡಿಯಿರಿ" ಎಂದರು.

ಹಿಡಿದೆ.

ಅವರು ಇನ್ನೂ ನೋಡುತ್ತಲೇ ಇದ್ದರು. ನನ್ನ ಕಿವಿಯಲ್ಲಿ ಜುಂಯ್ ಎನ್ನತೊಡಗಿತು. ಸಿಸ್ಟರ್ ನನ್ನ ಭುಜ ಮುಟ್ಟಿ, "ಬಿಡಿ, ಉಸಿರು ಬಿಡಿ" ಎಂದಾಗಲೇ ನಾನು ಇನ್ನೂ ಹಿಡಿದುಕೊಂಡಿದ್ದೇನೆ ಎಂದು ಗೊತ್ತಾದದ್ದು.

ಡಾಕ್ಟರರು ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ಬೂದು ಬಣ್ಣದ ಚುಕ್ಕೆಗಳು, ಅದರ ನಡುವೆ ಕಪ್ಪು ಗುಂಡಿ. ಗುಂಡಿಯ ಅಂಚಿನಲ್ಲಿ ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡದೊಂದು ಬಿಳಿ ಗುರುತು. ಅವರು ಪೆನ್ನಿನ ತುದಿಯನ್ನು ಅದರ ಹತ್ತಿರ ಹಿಡಿದರು. "ಇಲ್ಲಿ ನೋಡಿ. ಮಿಣಕ್ ಮಿಣಕ್ ಅಂತ ಉಂಟಲ್ಲ, ಅದು ಹೃದಯ."

ಮೊದಲು ನನಗೆ ಕಾಣಲಿಲ್ಲ. ಕಣ್ಣೀರು ತುಂಬಿತ್ತು. ಒರಸಿಕೊಂಡು ನೋಡಿದೆ. ಆಗ ಕಂಡಿತು. ಎಷ್ಟು ಬೇಗ ಬೇಗ ಬಡಿಯುತ್ತಿತ್ತು! ನನ್ನದರ ಎರಡು ಪಾಲು ಅವಸರ. ಸದ್ದಿಲ್ಲ, ಬರೀ ಮಿಣುಕು. ಅದಕ್ಕೆ ನನ್ನ ಹೆದರಿಕೆಯ ಪರಿವೆಯೇ ಇರಲಿಲ್ಲ. ತನ್ನ ಕೆಲಸ ತಾನು ಮಾಡುತ್ತಿತ್ತು.

"ಸಾಕಾ?" ಎಂದರು ಡಾಕ್ಟರರು. ಮೊದಲ ಬಾರಿ ಅವರು ನಕ್ಕದ್ದು.

ಪರದೆ ತಿರುಗಿಸುವ ಮೊದಲು ಆ ಕಪ್ಪು ಗುಂಡಿಯ ಪಕ್ಕದಲ್ಲಿ, ಎಡಕ್ಕೆ, ಇನ್ನೊಂದು ಗುಂಡಿ ನನ್ನ ಕಣ್ಣಿಗೆ ಬಿತ್ತು. ಸಣ್ಣದು. ಅದರೊಳಗೂ ಒಂದು ಬಿಳಿ ಗೀಟು. ಅದು ಮಿಣುಕುತ್ತಿರಲಿಲ್ಲ.

"ಅದು ಎಂತದು?"

ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. "ಅವಳಿ ಇತ್ತು. ಹೋದ ಸಲ ಸರಿಯಾಗಿ ಕಂಡಿರಲಿಲ್ಲ. ಅದು ಬೆಳೆಯಲಿಲ್ಲ. ಅದನ್ನು ನೀವು ಲೆಕ್ಕಕ್ಕೆ ಹಿಡಿಯಬೇಡಿ, ತನ್ನಷ್ಟಕ್ಕೆ ಕರಗಿ ಹೋಗ್ತದೆ. ನಿಮಗೆ ಒಂದು ಉಂಟಲ್ಲ, ಅದು ಸರಿಯಾಗಿದೆ. ಸಂತೋಷಪಡಿ."

ಸಂತೋಷವೇ. ಸುಳ್ಳು ಹೇಳುವುದಿಲ್ಲ. ಆ ಕೋಣೆಯಿಂದ ಹೊರಗೆ ಬರುವಾಗ ಕಾಲು ನೆಲದ ಮೇಲೆ ಇರಲಿಲ್ಲ. ಆದರೆ ಬಸ್ಸು ಗುರುಪುರದ ಸೇತುವೆ ದಾಟುವ ಹೊತ್ತಿಗೆ, ಆ ಮಿಣುಕದೆ ಇದ್ದ ಗೀಟೂ ನನ್ನ ಜೊತೆಗೇ ಬಸ್ಸಿನಲ್ಲಿ ಬರುತ್ತಿದೆ ಎಂಬುದು ಹೊಳೆಯಿತು. ರಿಪೋರ್ಟ್ ಬಿಚ್ಚಿ ಓದಿದೆ. ಒಂದು ಜೀವಂತ ಭ್ರೂಣ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿತ್ತು. ಇನ್ನೊಂದರ ಬಗ್ಗೆ ಒಂದಕ್ಷರವೂ ಇರಲಿಲ್ಲ.

ನೇರ ಮೂಡುಬಿದಿರೆಯಲ್ಲಿ ಇಳಿದು ಲೇಡಿ ಡಾಕ್ಟರರಿಗೆ ತೋರಿಸಿದೆ. ಅವರು ನನ್ನ ಬೆನ್ನು ತಟ್ಟಿದರು. ನಾನು ಆ ಇನ್ನೊಂದರ ವಿಷಯ ಹೇಳಿ ಕೇಳಿದೆ, "ಅದು ಕರಗಿ ಎಲ್ಲಿಗೆ ಹೋಗ್ತದೆ ಡಾಕ್ಟರೇ?"

ಅವರು ನನ್ನನ್ನು ಗದರಿಸಲಿಲ್ಲ. "ಎಲ್ಲಿಗೂ ಹೋಗುವುದಿಲ್ಲ. ನಿಮ್ಮ ಶರೀರವೇ ಅದನ್ನು ತಗೊಳ್ತದೆ" ಎಂದರು. ಆ ಉತ್ತರದಿಂದ ಸಿಕ್ಕ ಸಮಾಧಾನವನ್ನು ನಾನು ಇವತ್ತಿಗೂ ಯಾರಿಗೂ ವಿವರಿಸಲಾರೆ.

ವೇಣೂರಿಗೆ ಬಂದಾಗ ಸುನಂದಮ್ಮ ಜಗಲಿಯಲ್ಲಿದ್ದರು. ನಾನು ತಲೆಯಾಡಿಸಿದೆ. ಅವರು ಒಳಗೆ ಹೋಗಿ ಒಂದು ಲೋಟ ಹಾಲು ತಂದು ಕೊಟ್ಟು, ನಾನು ಕುಡಿದು ಮುಗಿಸುವ ತನಕ ಎದುರು ನಿಂತರು. ಇನ್ನೊಂದರ ವಿಷಯ ಅವರಿಗೂ ಹೇಳಲಿಲ್ಲ.

ಐದನೇ ತಿಂಗಳಿನಲ್ಲಿ ಗಂಡನಿಗೆ ಬರೆದೆ, ಅತ್ತೆಗೆ ಹೇಳಿ ಕಳಿಸಿದೆ. ಅತ್ತೆ ಮರುದಿನವೇ ಬಂದಿಳಿದರು. ಮಗುವಾಗುವ ತನಕ ಮೆಲ್ಕಾರಿಗೆ ಹೋಗುವುದಿಲ್ಲ ಎಂದು ಬಟ್ಟೆಯ ಗಂಟು ಮೂಲೆಯಲ್ಲಿಟ್ಟರು. ನನ್ನನ್ನು ಒಂದು ಚೆಂಬು ಎತ್ತಲು ಬಿಡಲಿಲ್ಲ. ಒಂದು ದಿನ ನನ್ನ ಕೂದಲಿಗೆ ಎಣ್ಣೆ ಹಚ್ಚುತ್ತಿದ್ದಾಗ, ಧೈರ್ಯ ಮಾಡಿ ಆ ಇನ್ನೊಂದರ ಬಗ್ಗೆ ಹೇಳಿದೆ. ಅವರ ಬೆರಳು ನಿಂತಿತು. "ಒಂದು ಉಳಿಯಿತಲ್ಲ ಲೀಲಾ, ದೇವರು ದೊಡ್ಡವನು. ಹೋದದ್ದನ್ನು ನೆನೆಸಬಾರದು, ಇದ್ದದ್ದಕ್ಕೆ ದೃಷ್ಟಿಯಾಗ್ತದೆ" ಎಂದು ಮತ್ತೆ ಎಣ್ಣೆ ತಿಕ್ಕಿದರು. ಅವರ ಕೈಯಲ್ಲಿ ಪ್ರೀತಿ ಇತ್ತು. ಆದರೆ ಆ ಮಾತಿನ ನಂತರ ನಾನು ಅದನ್ನು ಮನಸ್ಸಿನಲ್ಲಿ ನೆನೆಯಲೂ ಹೆದರಿದೆ. ಊರಿನವರು ಅಭಿನಂದಿಸಿದರು, ಹೆಡ್‌ಮಾಸ್ಟರರು ಹಲ್ಲುನೋವಿನ ಗುಟ್ಟು ತಿಳಿದು ಬಿದ್ದು ಬಿದ್ದು ನಕ್ಕರು. ಎಲ್ಲರೂ ಸಂತೋಷವಾಗಿದ್ದ ಮನೆಯಲ್ಲಿ ನನ್ನ ಹತ್ತಿರ ಮಾತ್ರ ಒಂದು ದುಃಖ ಇತ್ತು. ಹೆಸರಿಲ್ಲ, ದಿನವಿಲ್ಲ, ಕಾಗದದಲ್ಲಿಯೂ ಇಲ್ಲ. ಆ ಮನೆಯಲ್ಲಿ ಅದನ್ನು ಕಂಡವಳು ನಾನೊಬ್ಬಳೇ.

ಮೂಡುಬಿದಿರೆಯಲ್ಲಿ ಹೆರಿಗೆ ಆಯಿತು. ಹೆಣ್ಣು ಮಗು. ಮಧ್ಯಾಹ್ನ ಮೂರೂವರೆ ಗಂಟೆಗೆ, ಗಟ್ಟಿ ಸ್ವರ.

ಗಂಡನಿಗೆ ರಜೆ ಸಿಕ್ಕಿ ಬಂದಾಗ ಮಗುವಿಗೆ ನಲವತ್ತೆಂಟು ದಿನ. ಎರಡನೇ ದಿನ ಮಧ್ಯಾಹ್ನ, ಅತ್ತೆ ಹೊರಗೆ ಬಟ್ಟೆ ಒಣಗಿಸುತ್ತಿದ್ದರು. ಮಗು ತೊಟ್ಟಿಲಿನಲ್ಲಿ ಮಲಗಿತ್ತು. ಇವರು ನೆಲದ ಮೇಲೆ ಕೂತು ಅದನ್ನೇ ನೋಡುತ್ತಿದ್ದರು. ನಾನು ಎಲ್ಲ ಹೇಳಿದೆ. ಕಲೆ, ಕರೆಂಟು ಹೋದದ್ದು, ಝುಬೈದಾಳಿಗೆ ಹೇಳಿದ ಸುಳ್ಳು, ಒಲೆಗೆ ಹಾಕಿದ ಕಾಗದ, ಆಮೇಲೆ ಎಡಗಡೆಯ ಆ ಸಣ್ಣ ಗುಂಡಿ.

ನಾನು ನಿಲ್ಲಿಸಿದ ಮೇಲೆ, "ಯಾಕೆ ಬರೀಲಿಲ್ಲ ನನಗೆ?" ಎಂದರು.

"ನಿಮಗೆ ಯಾಕೆ ಸಂಕಟ ಕೊಡುವುದು ಅಂತ."

"ಹೋದ ಎರಡು ಸಲ ನೀನು ಬರೆದಾಗ ನಾನು ಸಾಮಾನಿನ ಕೋಣೆಗೆ ಹೋಗಿ ಅಕ್ಕಿ ಮೂಟೆಯ ಮೇಲೆ ಕೂತಿದ್ದೆ. ಅಲ್ಲಿ ಯಾರೂ ಬರುವುದಿಲ್ಲ." ಅವರು ತೊಟ್ಟಿಲನ್ನು ಒಮ್ಮೆ ತೂಗಿದರು. "ನೀನು ಹೆದರಿಕೆ ಎಲ್ಲ ಒಬ್ಬಳೇ ಇಟ್ಟುಕೊಂಡೆ ಲೀಲಾ. ಆ ಹತ್ತು ದಿನ ನಾನು ಅಲ್ಲಿ ಗಿರಾಕಿಗಳ ಹತ್ತಿರ ನಗ್ತಾ ಇದ್ದೆ. ನನಗೆ ಗೊತ್ತೇ ಇಲ್ಲ."

ಅವರ ಪಾಲಿನದ್ದನ್ನೂ ನಾನು ತೆಗೆದಿಟ್ಟುಕೊಂಡಿದ್ದೆ ಎಂದು ಆ ತನಕ ನನಗೆ ಹೊಳೆದಿರಲಿಲ್ಲ.

ಅವರು ಕೇಳಿದರು, "ಅದು ಯಾವ ಬದಿಯಲ್ಲಿ ಇದ್ದದ್ದು?"

"ಟೀವಿಯಲ್ಲಿ ಎಡಕ್ಕೆ ಕಂಡಿತು. ಹೊಟ್ಟೆಯಲ್ಲಿ ಯಾವ ಬದಿಯೋ ನನಗೆ ಗೊತ್ತಿಲ್ಲ."

ಅವರು ನನ್ನ ಹತ್ತಿರ ಸರಿದು, ಸೀರೆಯ ಮೇಲೆಯೇ, ಎಡಕ್ಕೂ ಅಲ್ಲದೆ ಬಲಕ್ಕೂ ಅಲ್ಲದೆ ನಡುವಿನಲ್ಲಿ ಅಂಗೈ ಇಟ್ಟರು. ಹಾಗೆಯೇ ಕೂತೆವು. ತೊಟ್ಟಿಲಿನಲ್ಲಿ ಮಗು ಎದ್ದು ಅಳತೊಡಗಿತು.

"ಮಗು ಅಳ್ತಾ ಉಂಟು, ಇಬ್ಬರಿಗೂ ಕೇಳುವುದಿಲ್ಲವಾ?" ಎಂದು ಅತ್ತೆ ಹೊರಗಿನಿಂದ ಕೂಗಿದರು.

ಕೇಳುತ್ತಿತ್ತು. ನನ್ನ ಗಂಡ ಇನ್ನೊಂದು ಗಳಿಗೆ ಕೈ ತೆಗೆಯಲಿಲ್ಲ. ಆಮೇಲೆ ಎದ್ದು ಹೋಗಿ ಮಗಳನ್ನು ಎತ್ತಿಕೊಂಡರು.